ಊಟ ಆಯ್ತಾ?

ನಮ್ಮ ಮನೆಗೆ ಬರುವ ಕೂಟದ ಸ್ನೇಹಿತರು ಊಟ ಮುಗಿಸಿ, ಕೈ ತೊಳೆದು, ಬೇಸ್‌ಮೆಂಟಿಗೆ ಇಳಿದ ಮೇಲೆ ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಲೈಟ್ ಯಾಕೆ ಹಾಕಿಲ್ಲ?" ಎರಡನೆಯ ಪ್ರಶ್ನೆಯೂ ಒಂದೇ: "ಮೀನು ಎಲ್ಲಿ?" ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅಕ್ವೇರಿಯಂ ಪಕ್ಕದ ಶೆಲ್ಫಿನಲ್ಲಿರುವ ವೋಡ್ಕಾ ಬಾಟಲಿಯನ್ನು ಒಮ್ಮೆ, ನಮ್ಮ ಮುಖವನ್ನು ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಕಳೆದ ದೀಪಾವಳಿ ಕಾರ್ಯಕ್ರಮದಲ್ಲಿ ಬಿಸಿಬೇಳೆ ಭಾತಿನ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಪತ್ರಿಕೆಯ ಸಂಪಾದಕರು, "ಆ ಬಾಟಲಿ ವಿಷಯ ನೀವೇ ಬರೆದುಕೊಟ್ಟುಬಿಡಿ, ಇಲ್ಲದಿದ್ದರೆ ಬೇರೆಯವರು ಬರೆದುಕೊಡ್ತಾರೆ" ಎಂದು ಹೆದರಿಸಿದ್ದರಿಂದ ಈ ಲೇಖನ. ಬಾಟಲಿಯ ವಿಷಯ ಮುಂದೆ ಬರುತ್ತದೆ, ಸ್ವಲ್ಪ ತಾಳ್ಮೆ ಇರಲಿ.

ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಮೈಸೂರಿನಲ್ಲಿ ಒಂದೇ ಬ್ಯಾಚಿನಲ್ಲಿ ಎಂ.ಬಿ.ಬಿ.ಎಸ್. ಓದಿ, ಡೆಟ್ರಾಯಿಟಿಗೆ ಬಂದು ಒಂದೇ ಆಸ್ಪತ್ರೆಯಲ್ಲಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ ಮುಗಿಸಿದವರು. ಕೈಬರಹ ಒಬ್ಬರದು, ಜ್ಞಾಪಕ ಇಬ್ಬರದು. ಯಾವ ತಪ್ಪು ಯಾರದು ಎಂದು ಇಲ್ಲಿ ವಿಂಗಡಿಸಕೂಡದು ಎಂಬ ಒಪ್ಪಂದ ಮಾಡಿಕೊಂಡ ಮೇಲೆಯೇ ಕಾಗದ ಕೈಗೆತ್ತಿಕೊಂಡಿದ್ದೇವೆ.

ಕಥೆ ಶುರುವಾದದ್ದು 2014ರ ಆಗಸ್ಟಿನಲ್ಲಿ. ಮಗ ಕಾಲೇಜಿಗೆಂದು ಮನೆ ಬಿಟ್ಟ. ಹೋಗುವಾಗ ತನ್ನ ಎರಡು ಕ್ಲೌನ್ ಮೀನುಗಳನ್ನು ಸ್ನೇಹಿತನಿಗೆ ದಾಟಿಸಿ, 75 ಗ್ಯಾಲನ್ನಿನ ಗಾಜಿನ ತೊಟ್ಟಿ, ಪಂಪು, ಉಪ್ಪಿನ ಬಕೆಟ್ಟು, ಒದ್ದೆ ಟವೆಲುಗಳನ್ನು ನಮಗೆ ಬಿಟ್ಟುಹೋದ. ಮಕ್ಕಳ ಖಾಲಿ ಕೋಣೆಯ ಬಾಗಿಲನ್ನಾದರೂ ಮುಚ್ಚಿಡಬಹುದು, ಖಾಲಿ ತೊಟ್ಟಿಯನ್ನು ಏನು ಮಾಡುವುದು? ಮಾರಿಬಿಡೋಣ ಎಂದು ವಿಚಾರಿಸಲು ಅಂಗಡಿಗೆ ಹೋದವರು ಹತ್ತು ಡಾಲರ್ ಕೊಟ್ಟು ಒಂದು ಕಲ್ಲನ್ನು ಕೊಂಡು ಬಂದೆವು.

ಕಲ್ಲು ಎಂದೇ ನಾವು ತಿಳಿದದ್ದು. ಮುಷ್ಟಿ ಗಾತ್ರ, ಕಿತ್ತಳೆ ಬಣ್ಣ, ಮೈಮೇಲೆಲ್ಲ ಸಣ್ಣ ಸಣ್ಣ ಗುಂಡಿ. ಅಂಗಡಿಯ ಹುಡುಗ ಅದನ್ನು ಬೆಳಕಿಲ್ಲದ ಮೂಲೆಯಲ್ಲಿ ಇಟ್ಟಿದ್ದ. "ಸನ್ ಕೋರಲ್. ಬಾಯಿ ತೆರೆಯುತ್ತಿಲ್ಲ, ಅದಕ್ಕೇ ಅಗ್ಗ" ಎಂದ. ಶಾಸ್ತ್ರೀಯ ಹೆಸರು ಟ್ಯೂಬಾಸ್ಟ್ರಿಯ. ಇಂಗ್ಲಿಷ್ ಹೆಸರಿನಲ್ಲಿ ಸೂರ್ಯನಿದ್ದರೂ ಬದುಕೆಲ್ಲ ಕತ್ತಲೆಯಲ್ಲಿ.

ಇಲ್ಲಿ ಸ್ವಲ್ಪ ಪಾಠ ಹೇಳಬೇಕಾಗಿದೆ, ಮನ್ನಿಸಿ. ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ದಿಬ್ಬ ಕಟ್ಟುವ ಸಾಮಾನ್ಯ ಹವಳಗಳು ತಮ್ಮ ಮೈಯೊಳಗೆ ಒಂದು ಬಗೆಯ ಸೂಕ್ಷ್ಮ ಪಾಚಿಯನ್ನು ಸಾಕಿಕೊಂಡಿರುತ್ತವೆ. ಬಿಸಿಲು ಬಿದ್ದರೆ ಪಾಚಿ ಸಕ್ಕರೆ ತಯಾರಿಸುತ್ತದೆ, ಹವಳ ಅದರಲ್ಲಿ ಬಹುಪಾಲನ್ನು ಉಣ್ಣುತ್ತದೆ. ಮನೆಯೊಳಗೇ ಅಡುಗೆಯವರಿದ್ದ ಹಾಗೆ. ಆದ್ದರಿಂದ ಅಂಥ ಹವಳ ಸಾಕುವವರು ದುಡ್ಡೆಲ್ಲ ದೀಪಕ್ಕೆ ಸುರಿಯುತ್ತಾರೆ. ನಮ್ಮದು ಬೇರೆ ಪಂಗಡ. ಇವುಗಳ ಮೈಯಲ್ಲಿ ಪಾಚಿ ಇಲ್ಲ. ಬಂಡೆಯ ಅಡಿಯಲ್ಲಿ, ಗುಹೆಯ ಬಾಯಲ್ಲಿ, ಬಿಸಿಲು ತಲುಪದ ಆಳದಲ್ಲಿ ಕುಳಿತು, ನೀರು ಹೊತ್ತು ತಂದದ್ದನ್ನು ಹಿಡಿದು ತಿಂದು ಬದುಕುತ್ತವೆ. ನೀರು ತರದಿದ್ದರೆ ಉಪವಾಸ. ದೀಪದ ಖರ್ಚು ಉಳಿಯಿತು ಎಂದು ನಾವು ಮೊದಲ ದಿನ ಖುಷಿಪಟ್ಟದ್ದು ನಿಜ, ಕನ್ನಡಿಗರಲ್ಲವೆ!

ಅಂದ ಹಾಗೆ, ನಮ್ಮ ಹೆಣ್ಣುಮಕ್ಕಳು ತಾಳಿಯ ಸರದಲ್ಲಿ ಕರಿಮಣಿಯ ನಡುವೆ ಪೋಣಿಸಿಕೊಳ್ಳುವ ಕೆಂಪು ಹವಳವೂ ಇದೇ ಪಂಗಡದ್ದು. ಅಸಲಿಯಾದರೆ ಅದು ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲೆಯಲ್ಲಿ ಬೆಳೆಯುವ ಕೊರಾಲಿಯಂ. ರೋಮನ್ನರ ಕಾಲದಿಂದಲೂ ಹಡಗು ಹತ್ತಿ ನಮ್ಮ ಕಡೆಗೆ ಬಂದದ್ದು. ನಮ್ಮಲ್ಲೊಬ್ಬರ ಕತ್ತಿನಲ್ಲಿ ಅಮ್ಮ ಕೊಟ್ಟ ಎರಡು ಹವಳಗಳಿವೆ. ಇಪ್ಪತ್ತು ವರ್ಷ ಅವನ್ನು ಹಾಕಿಕೊಂಡು ಓಡಾಡಿದರೂ ಅವೂ ಒಂದು ಕಾಲಕ್ಕೆ ಊಟ ಮಾಡುತ್ತಿದ್ದ ಜೀವಗಳು ಎಂದು ಒಂದು ದಿನವೂ ಯೋಚಿಸಿದವರಲ್ಲ.

ಮನೆಗೆ ತಂದ ಕಲ್ಲು ಆರು ದಿನ ಕಲ್ಲಾಗಿಯೇ ಇತ್ತು. ಏಳನೆಯ ರಾತ್ರಿ, ಯಾರೋ ಹೇಳಿಕೊಟ್ಟ ಉಪಾಯದಂತೆ, ಮೈಸಿಸ್ ಎಂಬ ಸಣ್ಣ ಸೀಗಡಿಯ ಮಂಜುಗಡ್ಡೆ ಬಿಲ್ಲೆಯೊಂದನ್ನು ಲೋಟದ ನೀರಿನಲ್ಲಿ ಕರಗಿಸಿ, ಬರೀ ಆ ತಿಳಿಯನ್ನು ಒಂದೆರಡು ಚಮಚ ತೊಟ್ಟಿಗೆ ಬಿಟ್ಟು, ದೀಪ ಆರಿಸಿ ಕುಳಿತೆವು. ಒಗ್ಗರಣೆಯ ವಾಸನೆಗೆ ಮಕ್ಕಳು ಅಡುಗೆಮನೆಗೆ ಬರುತ್ತಾರಲ್ಲ, ಹಾಗೆ. ಇಪ್ಪತ್ತು ನಿಮಿಷದ ಮೇಲೆ ಟಾರ್ಚು ಬಿಟ್ಟು ನೋಡಿದರೆ ಒಂದು ಗುಂಡಿಯಿಂದ ಹಳದಿ ಎಸಳುಗಳು ಹೊರಬಂದಿದ್ದವು. ಸೇವಂತಿಗೆಯಷ್ಟು ಹಳದಿ. ಮಾರನೆಯ ರಾತ್ರಿ ಮೂರು. ವಾರದೊಳಗೆ ಹದಿನಾಲ್ಕು.

ಒಂದೊಂದು ಹೂವಿಗೂ ಬೇರೆ ಬೇರೆ ಬಾಯಿ ಎಂಬುದೇ ಇಲ್ಲಿಯ ಕಷ್ಟ. ತಳದಲ್ಲಿ ಒಂದೇ ಮಾಂಸದ ಹೊದಿಕೆ ಇದ್ದರೂ ಒಬ್ಬರಿಗೆ ಹಾಕಿದರೆ ಎಲ್ಲರ ಹೊಟ್ಟೆ ತುಂಬುವುದಿಲ್ಲ. ಪಂಪುಗಳನ್ನು ನಿಲ್ಲಿಸಿ, ಉದ್ದ ಪಿಪೆಟ್ಟಿನ ತುದಿಯಿಂದ ಒಂದೊಂದು ಬಾಯಿಗೂ ಒಂದೊಂದು ಸೀಗಡಿ ಮುಟ್ಟಿಸಬೇಕು. ಎಸಳುಗಳು ನಿಧಾನವಾಗಿ ಮಡಚಿಕೊಂಡು ತುತ್ತನ್ನು ಒಳಗೆ ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ತೊಟ್ಟಿಯಲ್ಲಿದ್ದ ಎರಡು ಕ್ಲೀನರ್ ಸೀಗಡಿಗಳು ಎಲ್ಲಿಂದಲೋ ನುಗ್ಗಿ ಬಾಯಿಗೆ ಕೈಹಾಕಿ ತುತ್ತನ್ನು ಕಿತ್ತುಕೊಂಡು ಹೋಗುತ್ತಿದ್ದವು. ಮದುವೆ ಮನೆಯ ಊಟಕ್ಕೆ ಕರೆಯದೆ ಬಂದವರ ಹಾಗೆ. ಕೊನೆಗೆ ಎರಡು ಲೀಟರಿನ ಸೋಡಾ ಬಾಟಲಿಯ ಬುಡ ಕತ್ತರಿಸಿ, ಗುಮ್ಮಟದ ಹಾಗೆ ಹವಳದ ಮೇಲೆ ಕವುಚಿ, ಬಾಟಲಿಯ ಕತ್ತಿನಿಂದ ಪಿಪೆಟ್ಟು ಇಳಿಸಿ ಬಡಿಸಿದೆವು. ಆಸ್ಪತ್ರೆಯಲ್ಲಿ ಎಷ್ಟೋ ಜನರಿಗೆ ಮೂಗಿನಿಂದ ಆಹಾರದ ಕೊಳವೆ ಇಳಿಸಿದ ಕೈಗಳು ಇವು. ಇಷ್ಟು ಹೊತ್ತು ತೆಗೆದುಕೊಂಡದ್ದು ನೆನಪಿಲ್ಲ.

ಯಶಸ್ಸು ತಲೆಗೇರಿತು. 2015ರ ವಸಂತದಲ್ಲಿ ಇನ್ನೆರಡು ಜೀವಗಳನ್ನು ತಂದೆವು. ಒಂದು ಫ್ಲೇಮ್ ಸ್ಕ್ಯಾಲಪ್, ಅಂದರೆ ಕೆಂಪು ಚಿಪ್ಪಿನ ಪ್ರಾಣಿ, ತುಟಿಯ ಸುತ್ತ ಜ್ವಾಲೆಯಂಥ ಕೆಂಪು ದಾರಗಳು. ಇನ್ನೊಂದು ಕಾರ್ನೇಷನ್ ಕೋರಲ್, ಡೆಂಡ್ರೊನೆಫ್ಥಿಯ. ಸ್ಫಟಿಕದ ಕಾಂಡದ ಮೇಲೆ ಗುಲಾಬಿ ಗೊಂಚಲು. ಅಷ್ಟು ಸುಂದರವಾದ ವಸ್ತುವನ್ನು ನಾವು ಅದುವರೆಗೆ ಮನೆಯೊಳಗೆ ತಂದಿರಲಿಲ್ಲ. (ಇದನ್ನು ಓದಿ ನಮ್ಮಲ್ಲೊಬ್ಬರು ಆಕ್ಷೇಪಿಸಿದರು. ಇರಲಿ.)

ಇವೆರಡೂ ನೀರನ್ನು ಸೋಸಿ ತಿನ್ನುವವು. ತುತ್ತು ಕೊಡುವ ಹಾಗಿಲ್ಲ, ಸಾರಿನಂತೆ ಇಡೀ ನೀರಿಗೇ ಆಹಾರ ಬೆರೆಸಬೇಕು. ನಾವು ದಿನಕ್ಕೆರಡು ಸಲ ಒಣ ಸೀಗಡಿಯ ನಯವಾದ ಪುಡಿಯನ್ನು ಕಲಸಿ ಹಾಕಿದೆವು. ಚಿಪ್ಪು ಬಾಯಿ ತೆರೆದೇ ಇರುತ್ತಿತ್ತು, ದಾರಗಳು ಆಡುತ್ತಿದ್ದವು. ಹವಳ ಬೆಳಿಗ್ಗೆ ಸೊರಗಿ ಸಂಜೆ ನೀರು ತುಂಬಿಕೊಂಡು ಉಬ್ಬುತ್ತಿತ್ತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡುತ್ತಿದ್ದೆವು, "ಚೆನ್ನಾಗಿದೆ" ಎನ್ನುತ್ತಿದ್ದೆವು, ಕೆಲಸಕ್ಕೆ ಹೋಗುತ್ತಿದ್ದೆವು. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಚಿಪ್ಪು ತೆರೆದಿತ್ತು, ಮುಟ್ಟಿದರೂ ಮುಚ್ಚಲಿಲ್ಲ. ಆಗ ಮೊದಲ ದಿನ ತೆಗೆದಿದ್ದ ಫೋಟೋ ಹುಡುಕಿ ಗಾಜಿನ ಪಕ್ಕ ಹಿಡಿದೆವು. ಕಾರ್ನೇಷನ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ದಿನಾ ನೋಡುತ್ತಿದ್ದ ನಾಲ್ಕು ಕಣ್ಣುಗಳಿಗೆ ಅದು ಕಾಣಿಸಿರಲಿಲ್ಲ. ಇನ್ನು ಮೂರು ವಾರದಲ್ಲಿ ಅದೂ ಕರಗಿಹೋಯಿತು.

ರೋಗಿ ಸತ್ತ ಮೇಲೆ ಪುಸ್ತಕ ತೆರೆಯುವುದು ನಮ್ಮ ವೃತ್ತಿಯ ಹಳೆಯ ಅಭ್ಯಾಸ. ಕೆಂಪು ಸಮುದ್ರದಲ್ಲಿ ಇದೇ ಜಾತಿಯ ಹವಳಗಳನ್ನು ಅಭ್ಯಾಸ ಮಾಡಿದ ಕ್ಯಾಥರಿನಾ ಫ್ಯಾಬ್ರಿಷಿಯಸ್ ಮತ್ತು ಸಂಗಡಿಗರು, ಇವು ಮುಖ್ಯವಾಗಿ ತಿನ್ನುವುದು ನೀರಿನಲ್ಲಿ ತೇಲುವ, ಕಣ್ಣಿಗೆ ಕಾಣದ ಪಾಚಿಯನ್ನು ಎಂದು 1995ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ಎಂದರೆ ಈ ಹವಳ ಸಸ್ಯಾಹಾರಿ! ಎರಡು ತಲೆಮಾರಿನಿಂದ ಮೊಟ್ಟೆ ಒಡೆಯದ ಮನೆಗೆ ಬಂದ ಸಸ್ಯಾಹಾರಿ ಅತಿಥಿಗೆ ನಾವು ದಿನಕ್ಕೆರಡು ಸಲ ಸೀಗಡಿ ಬಡಿಸಿದ್ದೆವು. ಎದುರಿಗೆ ಆಹಾರ ಇದ್ದೂ ಅದು ಹಸಿದು ಸತ್ತಿತು. ಪಾಚಿಯೇ ಕೊಟ್ಟಿದ್ದರೂ ಉಳಿಯುತ್ತಿತ್ತೆಂದು ಹೇಳಲಾರೆವು. ಸಮುದ್ರದಲ್ಲಿ ಅದಕ್ಕೆ ಹಗಲು ರಾತ್ರಿ ಊಟ, ಜೊತೆಗೆ ಬಿಡದೆ ಹರಿಯುವ ನೀರು. ನಮ್ಮದು ಎರಡು ಹೊತ್ತಿನ ಲೆಕ್ಕ. ಆಮೇಲೆ ಆ ಹವಳವನ್ನು ನಾವು ಕೊಂಡಿಲ್ಲ, ಅಂಗಡಿಯಲ್ಲಿ ಕಂಡರೂ ಆ ಕಡೆ ನಿಲ್ಲುವುದಿಲ್ಲ.

ಹೆಚ್ಚು ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಹಾಕಿದ್ದೆಲ್ಲ ತಿಂದವರ ಹೊಟ್ಟೆ ಸೇರುವುದಿಲ್ಲ. ಉಳಿದದ್ದು ಕೊಳೆತು ಅಮೋನಿಯ, ನೈಟ್ರೈಟ್, ನೈಟ್ರೇಟ್ ಆಗುತ್ತದೆ, ಫಾಸ್ಫೇಟ್ ಏರುತ್ತದೆ, ನೀರು ಕೆಡುತ್ತದೆ. ಕಡಿಮೆ ಹಾಕಿದರೆ ಉಪವಾಸ, ಹೆಚ್ಚು ಹಾಕಿದರೆ ವಿಷ. ಈ ಸಾಕಣೆಯ ಗುಟ್ಟೆಲ್ಲ ಈ ಎರಡರ ನಡುವಿನ ಕಿರಿದಾದ ಓಣಿಯಲ್ಲಿದೆ. ವಾರ ವಾರ ನೀರು ಬದಲಾಯಿಸಬೇಕು, ಸಮುದ್ರದ ನೀರಿನಷ್ಟೇ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿ. ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರ ನೀರಿನಲ್ಲಿ ನೊರೆ ಎಬ್ಬಿಸಿ ಕೊಳೆಯನ್ನು ಮೇಲಕ್ಕೆ ತಳ್ಳುತ್ತದೆ. ಅನ್ನ ಉಕ್ಕುವಾಗ ನೊರೆ ಬಳಿದು ತೆಗೆದ ಹಾಗೆ. ಇನ್ನು ಆ ವೋಡ್ಕಾ. ದಿನಕ್ಕೆ ಒಂದೆರಡು ಮಿಲಿಲೀಟರ್, ಇಂಜೆಕ್ಷನ್ ಸಿರಿಂಜಿನಲ್ಲಿ ಅಳೆದು ನೀರಿಗೆ ಹಾಕುತ್ತೇವೆ. ಅದರ ಇಂಗಾಲವನ್ನು ತಿಂದು ಬ್ಯಾಕ್ಟೀರಿಯಗಳು ಬೆಳೆಯುತ್ತವೆ, ಬೆಳೆಯುವಾಗ ನೈಟ್ರೇಟನ್ನೂ ಫಾಸ್ಫೇಟನ್ನೂ ಹೀರಿಕೊಳ್ಳುತ್ತವೆ, ಆಮೇಲೆ ನೊರೆಯ ಜೊತೆ ಹೊರಗೆ ಹೋಗುತ್ತವೆ. ಅಕ್ವೇರಿಯಂ ಸಾಕುವವರಲ್ಲಿ ಇದು ಬಹಳ ಬಳಕೆಯಲ್ಲಿರುವ ಪದ್ಧತಿ. ಆದ್ದರಿಂದ ಸದಸ್ಯ ಬಾಂಧವರಲ್ಲಿ ವಿನಂತಿ: ಆ ಬಾಟಲಿ ಹವಳದ್ದು. ಒಂದು ಬಾಟಲಿ ನಮ್ಮ ಮನೆಯಲ್ಲಿ ಒಂದು ವರ್ಷ ಬರುತ್ತದೆ.

ಇದೆಲ್ಲ ನಡೆಯುತ್ತಿದ್ದ ಕಾಲದಲ್ಲಿ ಪ್ರತಿ ಶನಿವಾರ ರಾತ್ರಿ ಮೈಸೂರಿಗೆ ಫೋನ್ ಮಾಡುತ್ತಿದ್ದೆವು. 2012ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ಕುವೆಂಪುನಗರದ ಮನೆಯಲ್ಲಿ ಒಬ್ಬರೇ ಇದ್ದರು. ನಮ್ಮ ಜೊತೆ ಬಂದಿರಿ ಎಂದರೆ "ಬಾಗಿಲಿಗೆ ರಂಗೋಲಿ ಹಾಕೋರು ಯಾರು?" ಎನ್ನುತ್ತಿದ್ದರು. ನಮಗೆ ಶನಿವಾರ ರಾತ್ರಿ ಹತ್ತು ಗಂಟೆ ಎಂದರೆ ಅವರಿಗೆ ಭಾನುವಾರ ಬೆಳಿಗ್ಗೆ ಏಳೂವರೆ. ಹವಳಕ್ಕೆ ಸೀಗಡಿ ನೆನೆಹಾಕಿ, ಅದು ಬಾಯಿ ತೆರೆಯುವ ಇಪ್ಪತ್ತು ನಿಮಿಷದಲ್ಲಿ ಫೋನು. ನೀವೆಲ್ಲ ಮಾಡುವ ಮಾತೇ.

"ಅಮ್ಮ, ತಿಂಡಿ ಆಯ್ತಾ?"

"ಆಯ್ತು ಕಣ್ರೋ. ನಿಮ್ಮದು ಊಟ ಆಯ್ತಾ?"

"ಆಯ್ತು. ಆರೋಗ್ಯವಾಗಿದೀರಾ?"

"ನನಗೇನು, ಗುಂಡುಕಲ್ಲಿನ ಹಾಗೆ ಇದೀನಿ."

ಒಂದು ಸಲ ರವಿಕೆಗಳೆಲ್ಲ ದೊಗಳೆಯಾಗಿವೆ, ಟೈಲರಿಗೆ ಕೊಟ್ಟಿದ್ದೇನೆ ಎಂದರು. ಇನ್ನೊಂದು ಸಲ ನಲ್ಲಿಯ ಕೆಳಗೆ ಕೈ ತೊಳೆಯುವಾಗ ಬಳೆ ಜಾರಿ ಬಿತ್ತು, ಹುಡುಕಿ ಹುಡುಕಿ ಸಾಕಾಯಿತು ಎಂದು ನಕ್ಕರು. ನಾವೂ ನಕ್ಕೆವು. ಇವೆರಡನ್ನೂ ಯಾರಾದರೂ ರೋಗಿ ನಮ್ಮ ಎದುರು ಕುಳಿತು ಹೇಳಿದ್ದರೆ ಪೆನ್ನು ಕೆಳಗಿಟ್ಟು ತಲೆಯೆತ್ತಿ ನೋಡುತ್ತಿದ್ದೆವು. ಫೋನಿನಲ್ಲಿ ಕೇಳಿಸಿಕೊಂಡದ್ದು ಮಕ್ಕಳ ಕಿವಿ, ಡಾಕ್ಟರ ಕಿವಿಯಲ್ಲ. 2013ರ ಬೇಸಿಗೆಯ ನಂತರ ಊರಿಗೆ ಹೋಗಿಯೂ ಇರಲಿಲ್ಲ. ರಜ ಸಿಗಲಿಲ್ಲ, ಬೋರ್ಡ್ ಪರೀಕ್ಷೆ ಮತ್ತೆ ಬರೆಯಬೇಕಿತ್ತು, ಮಗನ ಕಾಲೇಜು. ಕಾರಣಗಳಿಗೇನು, ಬೇಕಾದಷ್ಟು.

2016ರ ಫೆಬ್ರವರಿಯಲ್ಲಿ ಹೋದೆವು. ಬೆಂಗಳೂರಿನಿಂದ ಟ್ಯಾಕ್ಸಿ ಮಾಡಿಕೊಂಡು ಮನೆ ಮುಟ್ಟಿದಾಗ ಬೆಳಗಿನ ಹತ್ತು ಗಂಟೆ. ಅಮ್ಮ ಗೇಟಿನ ಬಳಿ ನಿಂತಿದ್ದರು, ಸೀರೆ ಸೆರಗು ಹೊದ್ದು. ಮುಖ ಸ್ವಲ್ಪ ಇಳಿದಿದೆ ಎಂದುಕೊಂಡೆವು, ವಯಸ್ಸಾಯಿತಲ್ಲ. ಕಾಲಿಗೆ ನಮಸ್ಕರಿಸಲು ಬಗ್ಗಿದಾಗ ಹಿಮ್ಮಡಿಯ ಮೇಲಿನ ಮೂಳೆ ಕಂಡಿತು. ಬರೀ ಮೂಳೆ. ಅಲ್ಲೇ ಗೇಟಿನಲ್ಲಿ ಕೈ ಹಿಡಿದು, ತೋಳು ಹಿಡಿದು ನೋಡಿದೆವು. ಎದುರು ಮನೆಯವರ ತೂಕದ ಯಂತ್ರ ತಂದು ನಿಲ್ಲಿಸಿದರೆ 35 ಕಿಲೋ. ಹಿಂದಿನ ಸಲ ನಾವೇ ತೂಗಿದ್ದು 48.

ಎರಡು ದಿನದಲ್ಲಿ ಥೈರಾಯ್ಡ್, ಸಕ್ಕರೆ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಎಲ್ಲ ಮಾಡಿಸಿದೆವು. ಇಬ್ಬರ ತಲೆಯಲ್ಲೂ ಒಂದೇ ಕಾಯಿಲೆಯ ಹೆಸರು ಓಡುತ್ತಿತ್ತು, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ವರದಿಗಳಲ್ಲಿ ಏನೂ ಇರಲಿಲ್ಲ. ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ, ಕಾಫಿಗೆ ಸಕ್ಕರೆ ಹುಡುಕುವಾಗ. ತೊಗರಿಬೇಳೆಯ ಡಬ್ಬಿಯಲ್ಲಿ ಹುಳು. ದೀಪಾವಳಿಗೆ ಮುಂಚೆ ತಂದ ಅಕ್ಕಿಯ ಚೀಲದ ಹೊಲಿಗೆ ಬಿಚ್ಚಿಯೇ ಇಲ್ಲ. ಕುಕ್ಕರಿನ ಗ್ಯಾಸ್ಕೆಟ್ಟು ಒಣಗಿ ಬಿರುಕು ಬಿಟ್ಟಿದೆ. ಮೇಲಿನ ಸಾಲಿನಲ್ಲಿ ಮಾತ್ರ ಮಾರಿ ಬಿಸ್ಕತ್ತಿನ ಪೊಟ್ಟಣಗಳು ಅಚ್ಚುಕಟ್ಟಾಗಿ ಜೋಡಿಸಿವೆ. ಮಧ್ಯಾಹ್ನ ಒಂದು ಹಿಡಿ ಅನ್ನಕ್ಕೆ ಮೊಸರು, ರಾತ್ರಿ ಕಾಫಿಯಲ್ಲಿ ಅದ್ದಿದ ಎರಡು ಬಿಸ್ಕತ್ತು. ಹಲ್ಲಿನ ಸೆಟ್ಟು ವರ್ಷದಿಂದ ಒತ್ತುತ್ತಿತ್ತಂತೆ, ಅದನ್ನೂ ಬಟ್ಟಲಲ್ಲಿ ತೆಗೆದಿಟ್ಟಿದ್ದರು.

"ಊಟ ಆಯ್ತು ಅಂತಿದ್ರಲ್ಲ ಅಮ್ಮ?" ಎಂದರೆ, "ಆಗ್ತಿತ್ತಲ್ಲ. ಒಬ್ಬಳಿಗೆ ಅಂತ ಏನು ಒಲೆ ಹಚ್ಚೋದು" ಎಂದರು. ಸುಳ್ಳು ಹೇಳಿರಲಿಲ್ಲ ಪಾಪ. ನಾವು ಕೇಳಿದ್ದು ಆಯ್ತಾ ಎಂದು, ಏನು ಎಂದಲ್ಲ, ಎಷ್ಟು ಎಂದಲ್ಲ. ಒಂಟಿಯಾಗಿರುವ ವೃದ್ಧರು ಟೀ ಮತ್ತು ಬ್ರೆಡ್ಡಿನ ಮೇಲೆ ದಿನ ದೂಡುತ್ತಾ ಕ್ಷೀಣಿಸುವುದಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲೇ ಹೆಸರಿದೆ. ಆ ಪುಟವನ್ನು ನಾವು ರೆಸಿಡೆಂಟುಗಳಿಗೆ ಪಾಠ ಮಾಡಿದ್ದೇವೆ.

ಬಹಳ ದಿನ ಹಸಿದವರಿಗೆ ಒಮ್ಮೆಲೇ ಬಡಿಸಬಾರದು. ಎರಡನೆಯ ಮಹಾಯುದ್ಧದ ಸೆರೆಯಾಳುಗಳಿಗೆ ಬಿಡುಗಡೆಯಾದ ಮೇಲೆ ಹೊಟ್ಟೆ ತುಂಬ ಊಟ ಕೊಟ್ಟು ಕೆಲವರು ಸತ್ತಾಗ ವೈದ್ಯರಿಗೆ ಇದು ಅರಿವಾಯಿತು. ಆಹಾರ ಸಿಕ್ಕೊಡನೆ ಜೀವಕೋಶಗಳು ರಕ್ತದ ಫಾಸ್ಫೇಟನ್ನು ಎಳೆದುಕೊಳ್ಳುತ್ತವೆ, ಅದು ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂರು ವಾರದ ರಜವನ್ನು ಆರು ವಾರ ಮಾಡಿಕೊಂಡು, ಗಂಜಿ, ಮೃದುವಾದ ಅನ್ನ, ತಿಳಿಸಾರು, ಆಮೇಲೆ ಬೇಳೆ ಎಂದು ದಿನಕ್ಕಿಷ್ಟಿಷ್ಟೇ ಏರಿಸಿದೆವು. ಎರಡು ದಿನಕ್ಕೊಮ್ಮೆ ರಕ್ತ ಕೊಟ್ಟು ಫಾಸ್ಫೇಟ್ ನೋಡಿಸಿದೆವು. ಮಿಶಿಗನ್ನಿನಲ್ಲಿ ತೊಟ್ಟಿಯ ಫಾಸ್ಫೇಟ್ ಏರದಂತೆ ಕಾದವರು ಮೈಸೂರಿನಲ್ಲಿ ಅದೇ ಫಾಸ್ಫೇಟ್ ಇಳಿಯದಂತೆ ಕಾದೆವು. ಹವಳಗಳ ಹೊಣೆಯನ್ನು ಆ ಆರು ವಾರ ಮಗ ಹೊತ್ತ. ವಾರಕ್ಕೆರಡು ಸಲ ಕಾಲೇಜಿನಿಂದ ಬಂದು ಊಟ ಹಾಕಿ ಹೋಗುತ್ತಿದ್ದ. ಹೊಸ ಹಲ್ಲಿನ ಸೆಟ್ಟಿಗೆ ಅಚ್ಚು ಕೊಟ್ಟು ಬಂದ ದಿನ ಅಮ್ಮ ತಾವಾಗಿಯೇ ಎರಡನೆಯ ಸಲ ಸಾರು ಕೇಳಿದರು.

ಮೇ ತಿಂಗಳಲ್ಲಿ ಅವರು ಇಲ್ಲಿಗೆ ಬಂದರು, ಆರು ತಿಂಗಳಿಗೆ. ಬಂದ ಮೂರನೆಯ ದಿನವೇ ಗಂಡಾಂತರ. ಕಾಯಿತುರಿ ಹುಡುಕಲು ಫ್ರೀಜರ್ ತೆರೆದವರಿಗೆ ಕರಿಬೇವಿನ ಪಕ್ಕ ಕೆಂಪು ಬಿಲ್ಲೆಗಳ ತಟ್ಟೆ ಸಿಕ್ಕಿತು. "ಇದೇನೋ ಇದು, ಕಣ್ಣು ಇದೆ?" ಹೇಳಲೇಬೇಕಾಯಿತು. ಅಮ್ಮ ಮಾತಾಡಲಿಲ್ಲ. ಕಾಯಿತುರಿ, ಕರಿಬೇವು, ಬೆಣ್ಣೆ ಎಲ್ಲ ತೆಗೆದು ಕಸಕ್ಕೆ ಹಾಕಿ, ಸ್ನಾನಕ್ಕೆ ಹೋದರು. ಸಂಜೆಯೊಳಗೆ ಬೇಸ್‌ಮೆಂಟಿಗೆ ಬೇರೆ ಸಣ್ಣ ಫ್ರೀಜರ್ ಬಂತು.

ಆದರೆ ಕುತೂಹಲ ಯಾರನ್ನು ಬಿಟ್ಟಿದೆ. ವಾರ ಕಳೆಯುವುದರಲ್ಲಿ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಅಮ್ಮ ತಾವೇ ಮೆಟ್ಟಿಲಿಳಿದು, ಕುರ್ಚಿ ಎಳೆದುಕೊಂಡು, ಶಾಲು ಹೊದ್ದು ತೊಟ್ಟಿಯ ಮುಂದೆ ಕೂರುವುದು ರೂಢಿಯಾಯಿತು. ಸೀಗಡಿ ಮುಟ್ಟುತ್ತಿರಲಿಲ್ಲ, ಮೇಲ್ವಿಚಾರಣೆ ಮಾತ್ರ. "ಇದಕ್ಕೆ ಎಷ್ಟು ಬಾಯಿ?" ಎಂದು ಕೇಳಿದರು. ಹದಿನೈದಿರಬಹುದು ಎಂದೆವು. ಅವರು ಎಣಿಸಿ ಇಪ್ಪತ್ತಮೂರು ಎಂದರು. ಮುಂದಿನ ಬಾಯಿಗಳಿಗೆ ಬಡಿಸಿ ನಾವು ಎದ್ದರೆ, "ಆ ಹಿಂದಿನ ಮೂಲೆಯದಕ್ಕೆ ಬಿದ್ದಿಲ್ಲ ನೋಡ್ರೋ" ಎನ್ನುತ್ತಿದ್ದರು. ನೋಡಿದರೆ ನಿಜವಾಗಿಯೂ ಬಿದ್ದಿರುತ್ತಿರಲಿಲ್ಲ. ಹಿಂಭಾಗದಲ್ಲಿ ಎರಡು ವರ್ಷದಿಂದ ನಾವು ಗಮನಿಸದ ಆರೇಳು ಬಾಯಿಗಳು ಸುಮ್ಮನೆ ಮುಚ್ಚಿಕೊಂಡು, ಅವುಗಳ ನಡುವಿನ ಕಿತ್ತಳೆ ಮಾಂಸ ಹಿಂದೆ ಸರಿದು, ಬಿಳಿಯ ಅಸ್ಥಿ ಕಾಣುತ್ತಿತ್ತು. ಎಕ್ಸ್‌ರೇ ನೋಡುವ ಕಣ್ಣುಗಳಿಗೆ ಅದು ಕಂಡಿರಲಿಲ್ಲ.

ಹೇಗೆ ಗೊತ್ತಾಯ್ತಮ್ಮ ಎಂದು ಕೇಳಿದೆವು. ಮದುವೆ ಮುಂಜಿಗಳಲ್ಲಿ ನಲವತ್ತು ವರ್ಷ ಪಂಕ್ತಿಯಲ್ಲಿ ಬಡಿಸಿದ್ದೇನೆ ಎಂದರು. "ಬಡಿಸೋರು ಎಲೆ ನೋಡಬೇಕು. 'ಬೇಕಾ' ಅಂತ ಕೇಳಿದ್ರೆ ಯಾರೂ ಬೇಕು ಅನ್ನಲ್ಲ, ಮರ್ಯಾದೆಗೆ ಅಂಜಿ ಸಾಕು ಅಂತಾರೆ." ನಾವು ಪಂಪು ಹಾಕುವ ನೆಪದಲ್ಲಿ ತೊಟ್ಟಿಯ ಹಿಂದೆ ಹೋಗಿ ನಿಂತೆವು.

ಆ ಆರು ತಿಂಗಳು ಮನೆಯಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಅದುವರೆಗೆ ನಾವಿಬ್ಬರೂ ಆಸ್ಪತ್ರೆಯಿಂದ ಬಂದಬಂದಂತೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಿದ್ದವರು. ಅಮ್ಮ ನಾವು ಬರುವವರೆಗೆ ಊಟ ಮಾಡದೆ ಕೂರುತ್ತಿದ್ದರು. 42 ಕಿಲೋ ತೂಕದ ಮುದುಕಿಯನ್ನು ಹಸಿದು ಕೂರಿಸುವುದು ಸಾಧ್ಯವೇ? ಏಳೂವರೆಗೆ ಮೂರು ತಟ್ಟೆ. ಹತ್ತು ಗಂಟೆಗೆ ಹವಳದ ಪಂಕ್ತಿ. ಅಕ್ಟೋಬರಿನಲ್ಲಿ ಅವರು ಹೊರಟಾಗ 46 ಕಿಲೋ, ಹವಳಕ್ಕೆ 41 ಬಾಯಿ.

ಊರಿಗೆ ಹೋಗಿ ಇಂಥದೇ ಒಂದು ತೊಟ್ಟಿ ಇಡಬಹುದೇ ಎಂದು ಹೊರಡುವ ಮುಂಚೆ ಕೇಳಿದರು. ಆಗದು ಎಂದೆವು. ನಮ್ಮ ದೇಶದಲ್ಲಿ ಕಲ್ಲುಹವಳ, ಸಮುದ್ರ ಬೀಸಣಿಗೆಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಗಿರುವ ರಕ್ಷಣೆಯೇ ಅವಕ್ಕೂ. ನೋಡಬೇಕಾದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಮುಳುಗಬೇಕು. "ಸರಿ, ಮುಳುಗಿದ ಹಾಗೇ" ಎಂದರು. ಅದರ ಬದಲು ನಾವು ಮಾಡಿದ ವ್ಯವಸ್ಥೆ ಬೇರೆ. ಮೈಸೂರಿನ ಮನೆಯ ಮಹಡಿಯ ಎರಡು ಕೋಣೆಗಳನ್ನು ನರ್ಸಿಂಗ್ ಓದುವ ಇಬ್ಬರು ಹುಡುಗಿಯರಿಗೆ ಕೊಟ್ಟೆವು. ಬಾಡಿಗೆ ಅರ್ಧ, ಕರಾರು ಒಂದೇ: ರಾತ್ರಿ ಊಟ ಕೆಳಗೆ, ಅಮ್ಮನ ಜೊತೆ ಕೂತು. ಆ ಹುಡುಗಿಯರು ಓದು ಮುಗಿಸಿ ಹೋದರು, ಬೇರೆಯವರು ಬಂದರು, ಕರಾರು ಮಾತ್ರ ಹಾಗೇ ನಡೆದಿದೆ.

ಆ ಹತ್ತು ಡಾಲರಿನ ಕಲ್ಲಿಗೆ ಈಗ ಹತ್ತು ವರ್ಷ ಮೀರಿದೆ. ಪಕ್ಕದಲ್ಲಿ ಕೆಂಪು ಗಾರ್ಗೋನಿಯನ್ ಒಂದಿದೆ, ಬಿಳಿ ರೋಮದ ಹುಳುಗಳೆರಡಿವೆ. ಈ ಹುಳುಗಳು ಬೇಸರವಾದರೆ ತಲೆಯ ಗರಿಯನ್ನೇ ಕಳಚಿ ಎಸೆದು, ತಿಂಗಳುಗಳಲ್ಲಿ ಹೊಸದನ್ನು ಬೆಳೆಸಿಕೊಳ್ಳುತ್ತವೆ. ಪಾಚಿಯ ನೀರು ಈಗ ಹನಿ ಹನಿಯಾಗಿ, ಆಸ್ಪತ್ರೆಯ ಆಹಾರದ ಪಂಪಿನಂಥದೇ ಪುಟ್ಟ ಪಂಪಿನಿಂದ, ದಿನವಿಡೀ ಬೀಳುತ್ತಿರುತ್ತದೆ. 2023ರ ಫೆಬ್ರವರಿಯ ಹಿಮಗಟ್ಟಿದ ಮಳೆಯಲ್ಲಿ ನಮ್ಮ ಬೀದಿಗೆ ಮೂರು ದಿನ ಕರೆಂಟಿರಲಿಲ್ಲ. ಆಗ ಕೂಟದ ಮಿತ್ರರೊಬ್ಬರು ತಮ್ಮ ಜನರೇಟರನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದು, ಮನುಷ್ಯರ ಹೀಟರಿಗಿಂತ ಮೊದಲು ತೊಟ್ಟಿಗೆ ಜೋಡಿಸಿಕೊಟ್ಟರು. ಅವರು ಹೆಸರು ಬರೆಯಬೇಡಿ ಎಂದಿದ್ದಾರೆ.

ಮೊನ್ನೆ ಯುಗಾದಿಯ ಹೊತ್ತಿಗೆ ಹಿಂದಿನ ಗಾಜಿನ ಕೆಳಗೆ ಸಾಸಿವೆ ಕಾಳಿನಷ್ಟು ಕಿತ್ತಳೆ ಚುಕ್ಕೆಗಳು ಕಂಡವು. ಚೆನ್ನಾಗಿ ಉಂಡ ಹವಳ ಮರಿ ಹಾಕುತ್ತದೆ, ಮರಿಗಳು ತೇಲಿಹೋಗಿ ಎಲ್ಲೋ ಅಂಟಿಕೊಂಡು ತಾವೂ ಬಾಯಿ ತೆರೆಯುತ್ತವೆ. ಇದೇ ಗುಣದಿಂದ ಇದರ ಬಳಗ ಹಿಂದೂ ಮಹಾಸಾಗರ, ಪೆಸಿಫಿಕ್ ಬಿಟ್ಟು ಹಡಗು, ತೈಲಬಾವಿಗಳ ಕಂಬ ಹಿಡಿದು ಕೆರಿಬಿಯನ್ನಿಗೂ ಬ್ರೆಜಿಲ್ಲಿಗೂ ಹೋಗಿ ಅಲ್ಲಿಯವರ ಜಾಗ ಆಕ್ರಮಿಸಿದೆ. ವಲಸೆ ಬಂದವರ ಮೇಲೆ ನಾವು ಹೆಚ್ಚು ಮಾತಾಡುವುದು ಸರಿಯಲ್ಲ. ಮರಿಗಳು ಬೇಕಾದ ಸದಸ್ಯರು ಕೇಳಿ, ಕೊಡುತ್ತೇವೆ. ರಾತ್ರಿ ಹತ್ತಕ್ಕೆ ಮನೆಯಲ್ಲಿರುವವರಾದರೆ ಮಾತ್ರ.

ಅಮ್ಮನಿಗೆ ಈಗ 84. ಪ್ರಯಾಣ ಬೇಡವೆಂದಿದ್ದಾರೆ. ಶನಿವಾರ ರಾತ್ರಿಯ ಫೋನು ಈಗ ವಿಡಿಯೋ ಆಗಿದೆ. ಒಬ್ಬರು ಪಿಪೆಟ್ಟು ಹಿಡಿಯುತ್ತೇವೆ, ಒಬ್ಬರು ಫೋನನ್ನು ಗಾಜಿಗೆ ತಿರುಗಿಸುತ್ತೇವೆ. ಊಟ ಆಯ್ತಾ ಎಂದು ನಾವೀಗ ಕೇಳುವುದಿಲ್ಲ.

"ಎಲ್ಲಿ ಅಮ್ಮ, ತಟ್ಟೆ?"

"ತೋರಿಸ್ತೀನಿ ಇರ್ರೋ. ಎರಡು ಇಡ್ಲಿ, ಚಟ್ನಿ. ಮೊದಲು ಅವಕ್ಕೆ ಹಾಕಿ. ಎಡಗಡೆ ಮೂಲೆಯ ಚಿಕ್ಕದು ಇನ್ನೂ ಬಾಯಿ ಬಿಟ್ಟಿಲ್ಲ."